ಸೂಪರ್‌ಚಾರ್ಜರ್ ಹಾಕಿದ ಮೇಲೆ ಇಂಜಿನ್ ಹುಣಸೆ ಬೀಜದ ಡಬ್ಬ ಆಗಿದೆ, ಯಾರಾದರೂ ದಾರಿ ಹೇಳಿ

ಮಿಯಾಟಾ ಮಂಜು | ಚಾಂಡ್ಲರ್, ಅರಿಜೋನಾ | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಈಗ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದ್ದೇನೆ. ಕಾರು 1999ರ ಮಜ್ದಾ ಮಿಯಾಟಾ. ಎರಡೇ ಸೀಟು, 1.8 ಲೀಟರ್ ಪೆಟ್ರೋಲ್ ಇಂಜಿನ್, ಕಂಪ್ರೆಷನ್ 9.5ಕ್ಕೆ 1. ಹೊಸದರಲ್ಲಿ 140 ಕುದುರೆ ಇತ್ತು. ಈಗ ಅದರಲ್ಲಿ ಎಷ್ಟು ಕುದುರೆ ಉಳಿದಿವೆ, ಎಷ್ಟು ಕತ್ತೆಯಾಗಿವೆ ಗೊತ್ತಿಲ್ಲ.

ಎರಡು ತಿಂಗಳ ಹಿಂದೆ ಒಬ್ಬರು ತಮ್ಮ ಕಾರಿನಿಂದ ಬಿಚ್ಚಿಟ್ಟಿದ್ದ ಸೂಪರ್‌ಚಾರ್ಜರ್ ಕಿಟ್ ಕೊಂಡೆ, ಅಂದರೆ ಬೆಲ್ಟಿನಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಬ್ಲೋವರ್. ರೂಟ್ಸ್ ಮಾದರಿ, 45 ಕ್ಯೂಬಿಕ್ ಇಂಚಿನದು. ಬೂಸ್ಟ್, ಅಂದರೆ ಅದು ಕೊಡುವ ಹೆಚ್ಚುವರಿ ಗಾಳಿ ಒತ್ತಡ, 6 ಪಿಎಸ್‌ಐ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಜೊತೆಗೆ ದೊಡ್ಡ ಇಂಜೆಕ್ಟರ್, ಬೇರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬಂತು. ಇಸಿಯುನಲ್ಲಿ ಹಳೆ ಮಾಲೀಕರ ಮ್ಯಾಪ್, ಅಂದರೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅನ್ನುವ ಪಟ್ಟಿ, ಹಾಗೇ ಇದೆ. ನಾನೂ ನಮ್ಮ ಭಾವನೂ ಸೇರಿ ಎರಡು ವೀಕೆಂಡ್‌ನಲ್ಲಿ ಕೂರಿಸಿದೆವು. ಸ್ಟಾರ್ಟ್ ಆಯಿತು, ಓಡಿತು, ಕುಣಿದಾಡಿದೆವು.

ಈಗ ಸದ್ದು ಶುರುವಾಗಿದೆ. ಒಂದಲ್ಲ, ಮೂರು.

ಮೊದಲನೆಯದು ಐಡ್ಲಿಂಗ್‌ನಲ್ಲಿ. ಸ್ಟೀಲ್ ಡಬ್ಬಕ್ಕೆ ಒಂದು ಹಿಡಿ ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ ಗಡಗಡ, ಟಕಟಕ. 1,500 ಆರ್‌ಪಿಎಂ ದಾಟಿದರೆ ಮಾಯ. ಎರಡನೆಯದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಚಿರ್ ಚಿರ್ ಅಂತ, ಗುಬ್ಬಿ ಮರಿ ಕೂಗಿದ ಹಾಗೆ. ಮೂರನೆಯದು ಆಕ್ಸಿಲರೇಟರ್ ಒತ್ತಿದಾಗ ಸೊಂಯ್ ಅನ್ನುವ ರಾಗ. ಅದು ನನಗೆ ಇಷ್ಟ, ಅದನ್ನು ಹಾಗೇ ಬಿಡಿ.

ಗಡಗಡ ಸದ್ದು ಕೇಳಿ ಹೆಂಡತಿ ಕಾರಿಗೆ ಹತ್ತುತ್ತಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕಿದ್ದೇನೆ, ಕೇಳಿ ಹೇಳಿ.

ಟರ್ಬೊ ತಿಮ್ಮ | ಬೆಂಗಳೂರು

ಕೇಳಿದೆ ಗುರು. ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿದೆ, ಡೌಟೇ ಬೇಡ. ಹಳೆ ಇಂಜಿನ್‌ಗೆ ಬೂಸ್ಟ್ ಕೊಟ್ಟರೆ ಇನ್ನೇನಾಗುತ್ತೆ? ಓಡಿಸೋದು ನಿಲ್ಲಿಸಿ, ಇಂಜಿನ್ ಇಳಿಸಿ. ಹೇಗಿದ್ದರೂ ಇಳಿಸ್ತೀರಲ್ಲ, ಪೆಟ್ಟು ತಡೆಯೋ ಗಟ್ಟಿ ಫೋರ್ಜ್ಡ್ ಪಿಸ್ಟನ್ ಹಾಕಿಸಿಬಿಡಿ. ಆಮೇಲೆ ಟರ್ಬೊ ಬಗ್ಗೆ ಮಾತಾಡೋಣ.

ಗ್ಯಾರೇಜ್ ಗಂಗಣ್ಣ | ತುಮಕೂರು

ತಿಮ್ಮ, ಸ್ವಲ್ಪ ತಡೆಯಪ್ಪ. ಸದ್ದು ಕೇಳಿದ ತಕ್ಷಣ ಇಂಜಿನ್ ಇಳಿಸು ಅನ್ನೋದು ಗಿರಾಕಿ ಜೇಬು ನೋಡಿ ಹೇಳುವ ಮಾತು.

ಮಂಜು ಅವರೇ, ನಾನು ಸೂಪರ್‌ಚಾರ್ಜರ್ ಹಾಕಿದ ಕಾರು ರಿಪೇರಿ ಮಾಡಿಲ್ಲ, ನಿಜ ಹೇಳಿಬಿಡುತ್ತೇನೆ. ಆದರೆ ಕಲಾಸಿಪಾಳ್ಯದಲ್ಲಿ ಕೆಲಸ ಕಲಿಯುವಾಗ ಹಳೆ ಟೂ ಸ್ಟ್ರೋಕ್ ಡೀಸೆಲ್ ಜನರೇಟರ್ ಬಿಚ್ಚಿದ್ದೇನೆ. ಅದರ ಪಕ್ಕೆಯಲ್ಲಿ ಕೂತಿರುವುದೂ ಇದೇ ರೂಟ್ಸ್ ಬ್ಲೋವರ್. ಅದು ಗಾಳಿ ಊದದಿದ್ದರೆ ಆ ಇಂಜಿನ್ ಉಸಿರೇ ಆಡುವುದಿಲ್ಲ.

ರಾಡ್ ಬೇರಿಂಗ್ ಸದ್ದು ಟಕಟಕ ಅಲ್ಲ. ಧಡ್ ಧಡ್ ಅಂತ ದಪ್ಪಗಿರುತ್ತದೆ, ಒನಕೆಯಲ್ಲಿ ಕುಟ್ಟಿದ ಹಾಗೆ. ಲೋಡ್ ಕೊಟ್ಟರೆ ಜಾಸ್ತಿ. 2,500ಕ್ಕೆ ರೇಸ್ ಮಾಡಿ ಕಾಲು ತೆಗೆದರೆ ಇಳಿಯುವಾಗ ಇನ್ನೂ ಚೆನ್ನಾಗಿ ಕೇಳುತ್ತದೆ. 1,500ಕ್ಕೆ ಮಾಯ ಆಗುವ ಸದ್ದು ಅದಲ್ಲ. ಆದರೂ ಅನುಮಾನ ಬೇಡ, ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ಕಳಚಿ ನೋಡಿ. ಆ ಸಿಲಿಂಡರ್ ಉರಿಯುವುದು ನಿಂತಾಗ ಸದ್ದು ಸಣ್ಣಗಾದರೆ ಅಲ್ಲೇ ತೊಂದರೆ. ಪ್ಲಗ್ ವೈರ್ ಮಾತ್ರ ಕಿತ್ತು ನೋಡಬೇಡಿ. ಉರಿಯದ ಪೆಟ್ರೋಲ್ ಹೋಗಿ ಸೈಲೆನ್ಸರ್ ಕಡೆಯ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತದೆ.

ಆಮೇಲೆ ಕ್ಲಚ್ ಒತ್ತಿ ನೋಡಿ. ಒತ್ತಿದಾಗ ಸದ್ದು ಬದಲಾದರೆ ಗೇರ್‌ಬಾಕ್ಸ್ ಕಡೆ ಹುಡುಕಬೇಕು. ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಇದ್ದು, ಬಿಸಿಯಾದ ಮೇಲೆ ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್. ಕಬ್ಬಿಣ ಬಿಸಿಗೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ ಅಷ್ಟೆ.

ಇದೆಲ್ಲ ಆದ ಮೇಲೆ ದೊಡ್ಡ ಪರೀಕ್ಷೆ. ಸೂಪರ್‌ಚಾರ್ಜರ್ ಬೆಲ್ಟ್ ಬಿಚ್ಚಿ ಪಕ್ಕಕ್ಕಿಟ್ಟು ಸ್ಟಾರ್ಟ್ ಮಾಡಿ. ಸದ್ದು ಹೋಯಿತಾ, ಇಂಜಿನ್ ಬಚಾವ್. ಆದರೆ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಹೊಸದಾಗಿ ಏನು ಸೇರಿಸಿದ್ದೀರೋ ಮೊದಲು ಅದನ್ನು ಬೇರೆ ಮಾಡಿ ನೋಡಿ. ಹಳೆಯದರ ಮೇಲೆ ಕೈ ಹಾಕುವುದು ಆಮೇಲೆ.

ಒಂದು ಮಾತು. ಪಂಚೆ, ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡುವ ಬೆಲ್ಟ್ ಹತ್ತಿರ ಹೋಗಬೇಡಿ. ನಗಬೇಡಿ, ಕಣ್ಣಾರೆ ಕಂಡಿದ್ದೇನೆ.

ಟರ್ಬೊ ತಿಮ್ಮ

ಸರಿ ಗಂಗಣ್ಣ, ರಾಡ್ ಬೇರಿಂಗ್ ವಾಪಸ್ ತಗೊಂಡೆ. ಫೋರ್ಜ್ಡ್ ಪಿಸ್ಟನ್ ಮಾತ್ರ ವಾಪಸ್ ತಗೊಳ್ಳಲ್ಲ.

ಶ್ರುತಿಪೆಟ್ಟಿಗೆ | ಮಿಷಿಗನ್

ಮಂಜು, ನಾನು ಇಲ್ಲಿ ವಾಹನಗಳ ಸದ್ದು, ಅದುರಾಟದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ರೆಕಾರ್ಡಿಂಗ್ ಕೇಳಿದೆ. ಬೇಜಾರು ಮಾಡಿಕೊಳ್ಳಬೇಡಿ, ಅದರಿಂದ ಹೆಚ್ಚು ಉಪಯೋಗ ಇಲ್ಲ. ಮನುಷ್ಯರ ಮಾತು ಚೆನ್ನಾಗಿ ಕೇಳಲಿ ಅಂತ ಫೋನು ಉಳಿದ ಸದ್ದನ್ನು ತಾನೇ ಕತ್ತರಿಸುತ್ತದೆ, ಒಂದನ್ನು ಏರಿಸುತ್ತದೆ, ಇನ್ನೊಂದನ್ನು ಇಳಿಸುತ್ತದೆ. ನೀವು ಬರೆದ ಹುಣಸೆ ಬೀಜವೇ ರೆಕಾರ್ಡಿಂಗ್‌ಗಿಂತ ಚೆನ್ನಾಗಿದೆ.

ಮೊದಲು ಆ ಸೊಂಯ್. ನಿಮ್ಮ ಬ್ಲೋವರ್ ಒಳಗೆ ಎರಡು ರೋಟರ್, ಒಂದೊಂದಕ್ಕೆ ಮೂರು ರೆಕ್ಕೆ. ಒಂದು ಸುತ್ತಿಗೆ ಆರು ಸಲ ಗಾಳಿ ಹೊರಗೆ ತಳ್ಳುತ್ತದೆ. ಪುಲ್ಲಿ ಲೆಕ್ಕ ನೋಡೋಣ. ಬ್ಲೋವರ್ ಒಂದು ಸುತ್ತಿಗೆ ತಳ್ಳುವ 45 ಕ್ಯೂಬಿಕ್ ಇಂಚು ಅಂದರೆ ಸುಮಾರು 737 ಸಿಸಿ. ನಿಮ್ಮ 1,839 ಸಿಸಿ ಇಂಜಿನ್ ಒಂದು ಸುತ್ತಿಗೆ ಅದರ ಅರ್ಧ, ಅಂದರೆ 920 ಸಿಸಿ ಎಳೆಯುತ್ತದೆ. 6 ಪಿಎಸ್‌ಐ ಬರಬೇಕಾದರೆ ಬ್ಲೋವರ್ ಇಂಜಿನ್‌ಗಿಂತ ಸುಮಾರು 1.8 ಪಟ್ಟು ಜೋರಾಗಿ ಸುತ್ತಬೇಕು. ಇಂಜಿನ್ 3,000ದಲ್ಲಿದ್ದರೆ ಬ್ಲೋವರ್ 5,400. ಸೆಕೆಂಡಿಗೆ 90 ಸುತ್ತು, ಆರರಿಂದ ಗುಣಿಸಿದರೆ 540 ಹರ್ಟ್ಜ್. ಫೋನಿನಲ್ಲಿ ತಂಬೂರಿ ಶ್ರುತಿ ಮಾಡುವ ಯಾವುದಾದರೂ ಆಪ್ ಹಾಕಿ ನೋಡಿ, ಅದರ ಹತ್ತಿರ ಬರಬೇಕು. ಆರ್‌ಪಿಎಂ ಜೊತೆಗೇ ಸ್ವರ ಏರಿ ಇಳಿಯುತ್ತಿದ್ದರೆ ಅದು ಬ್ಲೋವರ್‌ನ ಸಹಜ ದನಿ. ಏರದೆ ಒಂದೇ ಕಡೆ ನಿಂತ ಸೀಟಿ ಆದರೆ ಎಲ್ಲೋ ಗಾಳಿ ಸೋರುತ್ತಿದೆ, ಸೋಪು ನೀರು ಹಚ್ಚಿ ನೋಡಿ.

ಈಗ ಹುಣಸೆ ಬೀಜ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಐಡ್ಲಿಂಗ್ 850 ಅಂದರೆ ಸೆಕೆಂಡಿಗೆ 28 ಸಲ. ಒಂದೊಂದು ಸಲ ಉರಿದಾಗಲೂ ಕ್ರ್ಯಾಂಕ್ (ಇಂಜಿನ್‌ನ ಮುಖ್ಯ ಶಾಫ್ಟ್) ಒಂದು ಚೂರು ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಧಾನ ಆಗುತ್ತದೆ. ಹೊರಗೆ ನಮಗೆ ಕಾಣಿಸುವುದಿಲ್ಲ. ಬೆಲ್ಟ್ ಆ ಕುಲುಕಾಟವನ್ನೆಲ್ಲ ಬ್ಲೋವರ್‌ಗೆ ದಾಟಿಸುತ್ತದೆ. ಐಡ್ಲಿಂಗ್‌ನಲ್ಲಿ ಗಾಳಿಯನ್ನು ಒತ್ತದೆ ಹಾಗೇ ಬಳಸಿ ಬಿಡುವ ಬೈಪಾಸ್ ವಾಲ್ವ್ ತೆರೆದಿರುವುದರಿಂದ ರೋಟರ್‌ಗಳಿಗೆ ಕೆಲಸವೇ ಇಲ್ಲ, ಸುಮ್ನೆ ಸುತ್ತುತ್ತಿರುತ್ತವೆ. ಹಾಗಾಗಿ ಬ್ಲೋವರ್ ಒಳಗೆ ಎಲ್ಲೇ ಒಂದು ಕೂದಲೆಳೆ ಸಡಿಲ ಇದ್ದರೂ ಅದು ಆ ಕಡೆ ಈ ಕಡೆ ಬಡಿಯುತ್ತದೆ. ರೇಸ್ ಮಾಡಿದರೆ ಕುಲುಕಾಟ ಕಡಿಮೆ, ಲೋಡು ಜಾಸ್ತಿ. ಸಡಿಲ ಒಂದೇ ಕಡೆಗೆ ಒತ್ತಿಕೊಂಡು ಸದ್ದು ನಿಲ್ಲುತ್ತದೆ.

ಗಂಗಣ್ಣ ಸರ್ ಹೇಳಿದ ಬೆಲ್ಟ್ ಪರೀಕ್ಷೆ ಮಾಡಿ. ಆಮೇಲೆ ಬ್ಲೋವರ್ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಿ. ರೋಟರ್ ಕದಲುವ ಮೊದಲು ಪುಲ್ಲಿ ಎಷ್ಟು ಖಾಲಿ ತಿರುಗುತ್ತದೆ ಹೇಳಿ.

ಮಿಯಾಟಾ ಮಂಜು | ಭಾನುವಾರ

ಬೆಳಿಗ್ಗೆ ಐದಕ್ಕೇ ಎದ್ದೆ. ಇಲ್ಲಿ ಎಂಟು ಗಂಟೆ ಮೇಲೆ ಗ್ಯಾರೇಜಿನಲ್ಲಿ ಪಾನಾ ಮುಟ್ಟಿದರೆ ಕೈ ಸುಡುತ್ತದೆ.

ಇಂಜೆಕ್ಟರ್ ಕನೆಕ್ಟರ್ ನಾಲ್ಕೂ ಒಂದೊಂದಾಗಿ ಕಳಚಿದೆ. ಇಂಜಿನ್ ಒದ್ದಾಡಿತು, ಆದರೆ ಟಕಟಕ ಹಾಗೇ ಇತ್ತು. ಕ್ಲಚ್ ಒತ್ತಿದರೂ ಹಾಗೇ. ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರ್, ವಾಟರ್ ಪಂಪ್, ಐಡ್ಲರ್ ಪುಲ್ಲಿಯ ಬೋಲ್ಟ್ ಮೇಲೆಲ್ಲ ಇಟ್ಟು, ಹಿಡಿಗೆ ಕಿವಿ ಕೊಟ್ಟು ಕೇಳಿದೆ. ಅಲ್ಲೆಲ್ಲ ಬರೀ ಗುಂಯ್. ಬ್ಲೋವರ್ ಮೂತಿ ಮೇಲೆ ಇಟ್ಟೆ ನೋಡಿ, ಕಿವಿಗೆ ಸುತ್ತಿಗೆಯಲ್ಲಿ ಬಡಿದ ಹಾಗಾಯಿತು.

ಬೆಲ್ಟ್ ಬಿಚ್ಚಿ ಸ್ಟಾರ್ಟ್ ಮಾಡಿದೆ. ನಿಶ್ಶಬ್ದ. ಅಂದರೆ ಹಳೆ ಮಿಯಾಟಾದ ಸದ್ದು ಮಾತ್ರ. ಭಾವ ಗಡಿಯಾರ ಹಿಡಿದು ನಿಂತಿದ್ದ, 25 ಸೆಕೆಂಡಿಗೆ ಆಫ್ ಮಾಡಿಸಿದ.

ಪುಲ್ಲಿ ಅಲ್ಲಾಡಿಸಿದೆ. ಶ್ರುತಿ ಅವರೇ, ಹೊರ ಅಂಚಿನಲ್ಲಿ ನೋಡಿದರೆ ಅರ್ಧ ಬೆರಳಿನಷ್ಟು ಖಾಲಿ ಹೋಗುತ್ತದೆ. ಆಮೇಲೆ ಟಕ್ ಅಂತ ಏನೋ ಸಿಕ್ಕಿ ರೋಟರ್ ತಿರುಗುತ್ತದೆ. ವಾಪಸ್ ತಿರುಗಿಸಿದರೂ ಹಾಗೇ, ಟಕ್. ಇದೇ ಹುಣಸೆ ಬೀಜ!

ಬೈಪಾಸ್ ವಾಲ್ವ್ ಕಡ್ಡಿ ಐಡ್ಲಿಂಗ್‌ನಲ್ಲಿ ಒಳಕ್ಕೆ ಎಳೆದುಕೊಂಡಿರುತ್ತದೆ, ರೇಸ್ ಮಾಡಿದರೆ ಹೊರಗೆ ಬರುತ್ತದೆ. ಅದು ಸರಿ ಇದೆ ಅಂದುಕೊಂಡಿದ್ದೇನೆ.

ಮೆಲ್ಬರ್ನ್ ಮಹೇಶ | ಆಸ್ಟ್ರೇಲಿಯಾ

ಕಪ್ಲರ್! ಕಪ್ಲರ್! ತಡವಾಗಿ ಬಂದೆ, ಇಲ್ಲದಿದ್ದರೆ ನಿನ್ನೆಯೇ ಹೇಳುತ್ತಿದ್ದೆ.

ನನ್ನ ಹತ್ತಿರ ಮೊದಲು ಒಂದು ಪುಟ್ಟ ಹ್ಯಾಚ್‌ಬ್ಯಾಕ್ ಇತ್ತು, ಅದರಲ್ಲೂ ಇದೇ ಅಳತೆಯ ಬ್ಲೋವರ್. ಪುಲ್ಲಿ ಶಾಫ್ಟಿಗೂ ರೋಟರ್ ಗೇರಿಗೂ ನಡುವೆ ಒಂದು ಬಿಲ್ಲೆ ಇರುತ್ತದೆ, ಅದೇ ಕಪ್ಲರ್. ಗಟ್ಟಿ ಪ್ಲಾಸ್ಟಿಕ್, ಚಕ್ಕುಲಿಯಷ್ಟು ಅಗಲ ಅಂತ ಇಟ್ಟುಕೊಳ್ಳಿ. ಅದರಲ್ಲಿ ಆರು ತೂತು. ಮೂರಕ್ಕೆ ಈ ಕಡೆಯಿಂದ ಪಿನ್ನು, ಮೂರಕ್ಕೆ ಆ ಕಡೆಯಿಂದ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗದಿರಲಿ, ಪೆಟ್ಟು ತಾನೇ ನುಂಗಲಿ ಅಂತ ಅದನ್ನು ಇಟ್ಟಿರುತ್ತಾರೆ. ವರ್ಷಗಟ್ಟಲೆ ಪಿನ್ನು ಬಡಿದು ಬಡಿದು ದುಂಡು ತೂತು ಉದ್ದ ಆಗುತ್ತದೆ. ಕೆಲವರು ಪ್ಲಾಸ್ಟಿಕ್ ಬದಲು ಸ್ಪ್ರಿಂಗ್ ಇರುವುದನ್ನು ಹಾಕುತ್ತಾರೆ. ಸ್ಪ್ರಿಂಗ್ ಸೋತರೆ ಅದೂ ಹೀಗೇ ಕೂಗುತ್ತದೆ.

ಬ್ಲೋವರ್ ಮೂತಿ ಮಾತ್ರ ಬಿಚ್ಚಿದರೆ ಸಾಕು, ರೋಟರ್ ಮುಟ್ಟುವ ಕೆಲಸ ಇಲ್ಲ. ಅಂಟು ಹಿಡಿದುಕೊಂಡಿರುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಪಕ್ಕಕ್ಕೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಮುಖ ಗೀರಿದರೆ ಆಯಿಲ್ ಸೋರುವುದು ಖಂಡಿತ. ನಾನು ಮೀಟಿದೆ, ಅದಕ್ಕೇ ಹೇಳುತ್ತಿದ್ದೇನೆ.

ಹ್ಞಾ, ಅದಕ್ಕೆ ಅದರದ್ದೇ ಆಯಿಲ್ ಇದೆ. ಇಂಜಿನ್ ಆಯಿಲ್ ಹಾಕುವ ಹಾಗಿಲ್ಲ. 4 ಔನ್ಸಿನ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಹಳೆ ಆಯಿಲ್ ವಾಸನೆ ಬಗ್ಗೆ ಮೊದಲೇ ಎಚ್ಚರಿಕೆ ಕೊಡುತ್ತೇನೆ. ಊಟ ಆದ ಮೇಲೆ ಬಿಚ್ಚಬೇಡಿ.

ಕುಶಾಲನಗರದ ಜೀಪು | ಕೊಡಗು

ನಮ್ಮೂರಲ್ಲಿ ನಾನೂ ಜೀಪಿಗೆ ಒಂದು ಹಾಕಿಸೋಣ ಅಂತಿದ್ದೆ. ಆರ್‌ಟಿಒದಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಒಂದೇ ಮಾತಲ್ಲಿ ಕೂರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಷನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆಯಂತೆ. ನೀವು ಅಲ್ಲಿ ಮಜಾ ಮಾಡಿ, ನಾನು ಇಲ್ಲಿ ಓದಿಕೊಂಡು ಕಾಫಿ ಕುಡಿಯುತ್ತೇನೆ.

ಮಿಯಾಟಾ ಮಂಜು | ಭಾನುವಾರ ರಾತ್ರಿ

ಕಪ್ಲರ್ ಮತ್ತೆ ಆಯಿಲ್ ಆರ್ಡರ್ ಮಾಡಿದೆ. ಗುರುವಾರ ಬರುತ್ತದೆ. ಮಹೇಶ್, ಶ್ರುತಿ ಅವರೇ, ಗಂಗಣ್ಣ, ದೊಡ್ಡ ನಮಸ್ಕಾರ. ಸಾವಿರಾರು ಡಾಲರ್ ಉಳಿಯಿತು.

ಇನ್ನೊಂದು ಸಣ್ಣ ವಿಷಯ, ಬಿಡಿ, ಅಂಥದ್ದೇನಲ್ಲ. ಹೋದ ವಾರ ಫ್ಲಾಗ್‌ಸ್ಟಾಫ್ ಕಡೆ ಹೋಗುವಾಗ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲಿನ ಏರಿನಲ್ಲಿ, ಮಧ್ಯಾಹ್ನ, ಎಸಿ ಹಾಕಿಕೊಂಡು ಪೂರ್ತಿ ಒತ್ತಿದಾಗ ಎಲ್ಲೋ ಚಟಪಟ ಅಂತ ಕೇಳಿಸಿತು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ, ಬಹಳ ಸಣ್ಣಗೆ. ಆ ಸೊಂಯ್ ರಾಗದ ಮಧ್ಯೆ ಸರಿಯಾಗಿ ಕೇಳಲೂ ಇಲ್ಲ. ಎಕ್ಸಾಸ್ಟ್ ಮೇಲಿನ ತಗಡು ಅಲ್ಲಾಡುತ್ತಿದೆ ಅಂದುಕೊಂಡೆ. ಕಪ್ಲರ್ ಬರುವವರೆಗೆ ಆಫೀಸಿಗೆ ಇದರಲ್ಲೇ ಹೋಗಬಹುದು ಅಲ್ವಾ?

ಗ್ಯಾರೇಜ್ ಗಂಗಣ್ಣ

ತಮ್ಮಾ, ಎರಡು ದಿನದಿಂದ ಹುಣಸೆ ಬೀಜ ಎಣಿಸುತ್ತಿದ್ದೀವಿ, ನೀನು ಈಗ ಸಾಸಿವೆ ಅನ್ನುತ್ತೀಯಾ!

ಹುಣಸೆ ಬೀಜದಿಂದ ಇಂಜಿನ್ ಸಾಯುವುದಿಲ್ಲ. ಆರು ತಿಂಗಳು ಹಾಗೇ ಓಡಿಸಿದರೂ ಕಪ್ಲರ್ ತಿಂದುಕೊಂಡು ಹೋಗುತ್ತದೆ ಅಷ್ಟೆ. ಸಾಸಿವೆ ಹಾಗಲ್ಲ. ಅದು ನಾಕಿಂಗ್. ಪ್ಲಗ್ಗು ಹಚ್ಚಿದ ಬೆಂಕಿ ಹರಡುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಶಾಖಕ್ಕೆ ತಾನೇ ಸಿಡಿಯುತ್ತದೆ. ಬೂಸ್ಟ್ ಇಲ್ಲದ ಕಾರು ಸ್ವಲ್ಪ ತಡೆದುಕೊಳ್ಳುತ್ತದೆ. ಬೂಸ್ಟ್ ಇದ್ದರೆ ಒಂದು ಏರು ಹತ್ತುವುದರೊಳಗೆ ಪಿಸ್ಟನ್ ರಿಂಗ್ ಕೂರುವ ಅಂಚು ಮುರಿಯಬಹುದು. ಆಮೇಲೆ ತಿಮ್ಮ ಹೇಳಿದ ಫೋರ್ಜ್ಡ್ ಪಿಸ್ಟನ್ನೇ ಗತಿ.

ತಗಡಿನ ಸದ್ದಾಗಿದ್ದರೆ ಗಾಡಿ ನಿಲ್ಲಿಸಿ ರೇಸ್ ಮಾಡಿದರೂ ಬರುತ್ತದೆ, ಕೈಯಲ್ಲಿ ತಟ್ಟಿದರೂ ಬರುತ್ತದೆ. ಏರಿನಲ್ಲಿ, ಬಿಸಿಲಿನಲ್ಲಿ, ಪೂರ್ತಿ ಒತ್ತಿದಾಗ ಮಾತ್ರ ಬಂದರೆ ತಗಡಲ್ಲ. ಪ್ಲಗ್ ನಾಲ್ಕೂ ಬಿಚ್ಚಿ ಬಿಳಿ ಪಿಂಗಾಣಿ ನೋಡಿ. ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ ಚುಕ್ಕಿ ಇದೆಯಾ? ಬೆಳ್ಳಿ ಬಣ್ಣದ ಪುಟಾಣಿ ಮಣಿ ಇದೆಯಾ? ಇದ್ದರೆ ಅದು ನಿಮ್ಮ ಪಿಸ್ಟನ್‌ನ ಅಲ್ಯೂಮಿನಿಯಂ. ಅಲ್ಲಿಯವರೆಗೆ ಬೂಸ್ಟ್ ಗೇಜ್ ಮುಳ್ಳು ಸೊನ್ನೆ ದಾಟಬಾರದು. ಆಫೀಸಿಗೆ ಭಾವನ ಕಾರಲ್ಲಿ ಹೋಗಿ.

ಶ್ರುತಿಪೆಟ್ಟಿಗೆ

ಗಂಗಣ್ಣ ಸರ್ ಬೈದಿದ್ದು ಸರಿಯಾಗಿದೆ. ಮಂಜು, ನೀವು ಜೋರಾಗಿ ಕೇಳಿದ ಸದ್ದನ್ನು ಮೊದಲು ಹೇಳಿದಿರಿ. ಎಲ್ಲರೂ ಹಾಗೇ ಮಾಡುತ್ತಾರೆ. ಕೆಲಸದಲ್ಲಿ ನಾನೂ ಮಾಡಿದ್ದೇನೆ.

ನಿಮ್ಮ ಇಂಜಿನ್ ಬೋರ್ 83 ಮಿಲಿಮೀಟರ್. ಅಷ್ಟಗಲದ ಸಿಲಿಂಡರ್ ಒಳಗೆ ನಾಕ್ ಆದರೆ 6,500ರಿಂದ 7,000 ಹರ್ಟ್ಜ್ ಆಸುಪಾಸಿನಲ್ಲಿ ಗಂಟೆಯ ಹಾಗೆ ಮೊಳಗುತ್ತದೆ. ಬ್ಲೋವರ್ ರಾಗ ಅದಕ್ಕಿಂತ ಎಷ್ಟೋ ಕೆಳಗೆ, ಆದರೆ ಎಷ್ಟೋ ಜೋರು. ಟಾಪ್ ತೆಗೆಯಬಹುದಾದ ಕಾರು, ಗಾಳಿ ಸದ್ದು ಬೇರೆ. ಇಷ್ಟರ ಮಧ್ಯೆ ಸಾಸಿವೆ ಕೇಳಿಸಿದ್ದೇ ನಿಮ್ಮ ಪುಣ್ಯ.

ಇನ್ನು ಶಾಖದ ಲೆಕ್ಕ. 2023ರ ಜೂನ್ 30ರಿಂದ ಫೀನಿಕ್ಸ್‌ನಲ್ಲಿ ಸಾಲಾಗಿ 31 ದಿನ 110 ಫ್ಯಾರನ್‌ಹೀಟ್ ಮುಟ್ಟಿತ್ತು, ನೆನಪಿದೆ ತಾನೆ? ಅಂದರೆ 43 ಡಿಗ್ರಿ ಸೆಲ್ಸಿಯಸ್. ಆ ಗಾಳಿಯನ್ನು 6 ಪಿಎಸ್‌ಐಗೆ ಒತ್ತಿದರೆ ಲೆಕ್ಕದ ಪ್ರಕಾರ 33 ಡಿಗ್ರಿ ಏರಬೇಕು. ಆದರೆ ರೂಟ್ಸ್ ಬ್ಲೋವರ್ ಅಷ್ಟು ನಾಜೂಕಿನದಲ್ಲ. ಕೊಟ್ಟ ಶಕ್ತಿಯಲ್ಲಿ ನೂರಕ್ಕೆ 40 ಪಾಲು ಸುಮ್ನೆ ಬಿಸಿಯಾಗಿ ಹೋಗುತ್ತದೆ ಅಂತ ಇಟ್ಟುಕೊಂಡರೆ ಹೊರಗೆ ಬರುವ ಗಾಳಿ 100 ಡಿಗ್ರಿ ಹತ್ತಿರ. ಕುದಿಯುವ ನೀರಿನಷ್ಟು ಬಿಸಿ! ಇಂಟರ್‌ಕೂಲರ್ ಇಲ್ಲ, ಆ ಗಾಳಿ ನೇರ ಸಿಲಿಂಡರ್‌ಗೆ. ಹಳೆ ಮಾಲೀಕರು ಯಾವ ಊರಿನವರು? ಆ ಮ್ಯಾಪ್ ಯಾವ ಪೆಟ್ರೋಲಿಗೆ ಬರೆದದ್ದು? ಕೇಳಿ.

ಖಾತ್ರಿ ಮಾಡಿಕೊಳ್ಳಲು ಒಂದು ಅಗ್ಗದ ಉಪಾಯ ಇದೆ. ಕಾಲಿಂಚಿನ ತಾಮ್ರದ ನಳಿಗೆ ಒಂದು ಗೇಣು ತೆಗೆದುಕೊಳ್ಳಿ. ಒಂದು ತುದಿ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ತೂತು ಕೊರೆದು ಇಂಜಿನ್ ಬ್ಲಾಕಿನ ಯಾವುದಾದರೂ ಬೋಲ್ಟಿಗೆ ಬಿಗಿಯಿರಿ. ಇನ್ನೊಂದು ತುದಿಗೆ ಉದ್ದ ರಬ್ಬರ್ ಪೈಪು. ಪೈಪಿನ ಕೊನೆಯನ್ನು ಫ್ಯಾಕ್ಟರಿಯಲ್ಲಿ ಕಿವಿಗೆ ಹಾಕುವ ಇಯರ್‌ಮಫ್‌ಗೆ ತೂತು ಮಾಡಿ ತೂರಿಸಿ. ಡಾಕ್ಟರ ಸ್ಟೆತಸ್ಕೋಪಿನ ಬಡ ತಮ್ಮ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಕೇಳಬೇಕು. ರಾತ್ರಿ ತಂಪಿನಲ್ಲಿ ಒಂದು ಸಲ, ಮಧ್ಯಾಹ್ನ ಒಂದು ಸಲ. ಸಾಸಿವೆ ಕೇಳಿದ ಕ್ಷಣ ಕಾಲು ತೆಗೆಯಬೇಕು.

ಟರ್ಬೊ ತಿಮ್ಮ

ಒಂದು ಡೌಟು ಮೇಡಂ. ಅಮೆರಿಕದಲ್ಲಿ 91 ಆಕ್ಟೇನ್ ಪೆಟ್ರೋಲನ್ನು ಪ್ರೀಮಿಯಂ ಅಂತಾರೆ, ನಮ್ಮಲ್ಲಿ ಮೊನ್ನೆಮೊನ್ನೆವರೆಗೆ ಸಾದಾ ಪೆಟ್ರೋಲೇ 91 ಇತ್ತು. ಹಾಗಾದರೆ ಮಂಜು ನಮ್ಮ ಆಟೋ ಪೆಟ್ರೋಲ್ ಹಾಕ್ತಿದಾರಾ?

ಶ್ರುತಿಪೆಟ್ಟಿಗೆ

ಒಳ್ಳೇ ಪ್ರಶ್ನೆ ತಿಮ್ಮ. ಆಕ್ಟೇನ್ ಅಂದರೆ ಪೆಟ್ರೋಲ್ ನಾಕಿಂಗ್ ತಡೆಯುವ ಶಕ್ತಿ. ಅಂಕಿ ಒಂದೇ, ಅಳತೆಗೋಲು ಬೇರೆ. ಭಾರತದಲ್ಲಿ ಹೇಳುವುದು ಆರ್‌ಒಎನ್, ಹಗುರ ಪರೀಕ್ಷೆಯ ಅಂಕಿ. ಅಮೆರಿಕದ ಪಂಪಿನ ಮೇಲೆ ಬರೆಯುವುದು ಆರ್‌ಒಎನ್ ಮತ್ತು ಎಂಒಎನ್ (ಕಠಿಣ ಪರೀಕ್ಷೆಯ ಅಂಕಿ) ಎರಡರ ಸರಾಸರಿ. ಎಂಒಎನ್ ಯಾವಾಗಲೂ ಕಡಿಮೆ ಇರುವುದರಿಂದ ಇಲ್ಲಿನ 91 ನಿಮ್ಮ 95ರ ಆಸುಪಾಸು ಆಗುತ್ತದೆ. ಇಲ್ಲಿನ ಎಷ್ಟೋ ರಾಜ್ಯಗಳಲ್ಲಿ 93 ಸಿಗುತ್ತದೆ. ಫೀನಿಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ಅಂದರೆ 91.

ಮಿಯಾಟಾ ಮಂಜು | ಬುಧವಾರ

ಬೈಸಿಕೊಂಡಿದ್ದು ಒಳ್ಳೆಯದೇ ಆಯಿತು.

ಹಳೆ ಮಾಲೀಕರಿಗೆ ಮೆಸೇಜ್ ಮಾಡಿದೆ. ಅವರ ಊರಲ್ಲಿ ಚಳಿ ಜಾಸ್ತಿ, ಪೆಟ್ರೋಲ್ 93. ಮ್ಯಾಪ್ ಅಲ್ಲಿಯದೇ. ನಾನು ಕೇಳಿಯೇ ಇರಲಿಲ್ಲ.

ತಾಮ್ರದ ನಳಿಗೆ ಕಟ್ಟಿದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗಿನ ಒಂದು ಬ್ರ್ಯಾಕೆಟ್ ಬೋಲ್ಟು ಸಿಕ್ಕಿತು. ಪೈಪನ್ನು ಬಾನೆಟ್ ಸಂದಿಯಿಂದ ತಂದು ಕಿಟಕಿಯೊಳಗೆ ಎಳೆದೆ. ಭಾವ ಇಯರ್‌ಮಫ್ ಹಾಕಿಕೊಂಡು ಪಕ್ಕದಲ್ಲಿ ಕೂತ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಮಗು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಸೋಮವಾರ ರಾತ್ರಿ ಹನ್ನೊಂದು ಗಂಟೆ, ಹೊರಗೆ 33 ಡಿಗ್ರಿ. ಮೂರನೇ ಗೇರಿನಲ್ಲಿ 2,500ರಿಂದ ಒತ್ತಿದೆ. ಭಾವ ಕೈ ಎತ್ತಲಿಲ್ಲ. "ಗಿರಣಿ ಒಳಗೆ ಕೂತ ಹಾಗಿದೆ, ಬೇರೆ ಏನೂ ಇಲ್ಲ" ಅಂದ. ಮಂಗಳವಾರ ಮಧ್ಯಾಹ್ನ ಎರಡು ಗಂಟೆ, 43 ಡಿಗ್ರಿ. ಅದೇ ರಸ್ತೆ, ಅದೇ ಗೇರು. 3,400 ದಾಟುತ್ತಿದ್ದ ಹಾಗೇ ಭಾವ ಡ್ಯಾಶ್‌ಬೋರ್ಡ್ ಮೇಲೆ ಪಟಪಟ ಹೊಡೆದ. ತಕ್ಷಣ ಕಾಲು ತೆಗೆದೆ. ಅವನ ಮುಖ ಬಿಳಿಚಿಕೊಂಡಿತ್ತು. ನನಗೆ ಹೊರಗೆ ಏನೂ ಕೇಳಿಸಿರಲಿಲ್ಲ. ಏನೇನೂ.

ಮನೆಗೆ ಬಂದು ಪ್ಲಗ್ ಬಿಚ್ಚಿದೆವು. 1, 2, 3 ಪರವಾಗಿಲ್ಲ, ಅಲ್ಲೊಂದು ಇಲ್ಲೊಂದು ಚುಕ್ಕಿ. 4ನೆಯದು ಥೇಟ್ ಗಂಗಣ್ಣ ಹೇಳಿದ ಮೆಣಸಿನ ಪುಡಿ. ಬೆಳ್ಳಿ ಮಣಿ ಇಲ್ಲ, ದೇವರು ದೊಡ್ಡವನು. ಕಂಪ್ರೆಷನ್ ಟೆಸ್ಟ್ ಮಾಡಿದೆ, ನಾಲ್ಕೂ ಹತ್ತಿರ ಹತ್ತಿರ ಇವೆ.

ಮೆಲ್ಬರ್ನ್ ಮಹೇಶ

4ನೆಯದರಲ್ಲೇ ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಈ ಇಂಜಿನ್‌ನಲ್ಲಿ ಕೂಲೆಂಟ್ ಮುಂದಿನಿಂದ ಒಳಗೆ ಹೋಗಿ ಮುಂದಿನಿಂದಲೇ ಹೊರಗೆ ಬರುತ್ತದೆ. ಹಿಂದಿನ 4ನೇ ಸಿಲಿಂಡರ್ ಹತ್ತಿರ ನೀರಿನ ಓಡಾಟ ಕಡಿಮೆ, ಬಿಸಿ ಜಾಸ್ತಿ. ಅದಕ್ಕೇ ರೇಸ್‌ಗೆ ಒಯ್ಯುವವರು ಹಿಂದಿನಿಂದ ನೀರು ಹೊರಬರುವ ಹಾಗೆ ಪೈಪು ಬದಲಾಯಿಸುತ್ತಾರೆ. ಇಂಟರ್‌ಕೂಲರ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಪ್ಲಗ್ ಒಂದು ನಂಬರ್ ತಂಪಿನದು ಹಾಕಿ. ಎನ್‌ಜಿಕೆ ಕಂಪನಿ ಪ್ಲಗ್‌ನಲ್ಲಿ ಅಂಕಿ ಏರಿದಷ್ಟೂ ತಂಪು, ಬಾಷ್ ಕಂಪನಿಯದರಲ್ಲಿ ಉಲ್ಟಾ. ಅಂಗಡಿಯವರ ಮಾತು ನಂಬಿ ತರಬೇಡಿ. ಕಿಡಿ ಹಾರುವ ಗ್ಯಾಪ್ 1.1 ಮಿಲಿಮೀಟರ್ ಇದ್ದರೆ 0.8ಕ್ಕೆ ಇಳಿಸಿ.

ಮಿಯಾಟಾ ಮಂಜು | ಮುಂದಿನ ಭಾನುವಾರ

ವರದಿ ಒಪ್ಪಿಸುತ್ತೇನೆ.

ಇಲ್ಲೇ ಒಬ್ಬ ಟ್ಯೂನರ್ ಹತ್ತಿರ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿದೆ. 91 ಪೆಟ್ರೋಲಿಗೆ, ಇಲ್ಲಿನ ಬಿಸಿಲಿಗೆ ಹೊಸ ಮ್ಯಾಪ್. ಬೂಸ್ಟ್‌ನಲ್ಲಿ ಕಿಡಿ ಹಚ್ಚುವ ಟೈಮಿಂಗ್ 5 ಡಿಗ್ರಿ ಹಿಂದಕ್ಕೆ, ಗಾಳಿ-ಪೆಟ್ರೋಲ್ ಅನುಪಾತ 11.6. ಒಳಗೆ ಹೋಗುವ ಗಾಳಿ ಬಿಸಿಯಾದಷ್ಟೂ ಟೈಮಿಂಗ್ ತಾನೇ ಇನ್ನೂ ಹಿಂದೆ ಸರಿಯುವ ಹಾಗೆ ಮಾಡಿಕೊಟ್ಟರು. ಮಧ್ಯಾಹ್ನ ಸ್ವಲ್ಪ ಸೋಮಾರಿ ಆಗಿದೆ. ಇರಲಿ. ಭಾವ ಮತ್ತೆ ಇಯರ್‌ಮಫ್ ಹಾಕಿಕೊಂಡು ಬಂದ, ಎರಡು ಗಂಟೆ ಬಿಸಿಲಿನಲ್ಲಿ. ಗಿರಣಿ ಸದ್ದು ಮಾತ್ರ.

ಕಪ್ಲರ್ ಬದಲಾಯಿಸಿದೆ. ಮೂತಿ ಬಿಚ್ಚಿದ ತಕ್ಷಣ ಬಂದ ವಾಸನೆ... ಮಹೇಶ್, ನೀವು ಕಡಿಮೆ ಹೇಳಿದ್ದಿರಿ. ಆಯಿಲ್ ಅಂತ ಒಂದೆರಡು ಚಮಚ ಮಾತ್ರ ಬಂತು, ಕಾಕಂಬಿ ಹಾಗೆ ಕಪ್ಪಗೆ, ಮಂದವಾಗಿ. ಹಳೆ ಬಿಲ್ಲೆಯ ಮೂರು ತೂತು ಅವರೆಕಾಳಿನ ಆಕಾರಕ್ಕೆ ಬಂದಿವೆ, ಒಂದರ ಅಂಚು ಸೀಳಿದೆ. ಹೊಸ ಬಿಲ್ಲೆ ಪಿನ್ನಿಗೆ ಕೂರಿಸುವಾಗ ಅಂಗೈಯಲ್ಲಿ ಒತ್ತಬೇಕಾಯಿತು. ಪುಲ್ಲಿ ಈಗ ಖಾಲಿ ತಿರುಗುವುದಿಲ್ಲ. ಸ್ಟಾರ್ಟ್ ಮಾಡಿದೆ. ಹುಣಸೆ ಬೀಜ ಖಾಲಿ.

ಆ ಅಂಗಿಯನ್ನು ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಆದರೆ ಕಾರಿಗೆ ಹತ್ತಿದಳು.

ಉಳಿದದ್ದು ಗುಬ್ಬಿ ಮರಿ. ಓಡುವಾಗ ಬೆಲ್ಟ್ ಹಲ್ಲಿನ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಹಾಕಿದೆ. ಒಂದು ಕ್ಷಣ ಸುಮ್ಮನಾಗಿ ಮತ್ತೆ ಚಿರ್ ಅಂದಿತು. ಇದರ ಅರ್ಥ ಏನು?

ಗ್ಯಾರೇಜ್ ಗಂಗಣ್ಣ

ನೀರಿಗೆ ಸದ್ದು ಜಾಸ್ತಿಯಾಗಿದ್ದರೆ ಬೆಲ್ಟ್ ಸಡಿಲ, ಜಾರುತ್ತಿದೆ ಅಂತ. ಸುಮ್ಮನಾಗಿ ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೇರವಾದ ಅಲ್ಯೂಮಿನಿಯಂ ಪಟ್ಟಿ ಕ್ರ್ಯಾಂಕ್ ಪುಲ್ಲಿಗೆ ಒರಗಿಸಿ ನೋಡಿ. ಕಿಟ್ ಬ್ರ್ಯಾಕೆಟ್‌ನ ಯಾವುದೋ ವಾಷರ್ ನೀವಿಬ್ಬರೂ ಆ ಕಡೆಯದು ಈ ಕಡೆ ಹಾಕಿದ್ದೀರಿ. ಬೆಲ್ಟ್ ಬಿಗಿ ಮಾಡಿ ಸದ್ದು ಅಡಗಿಸಲು ಹೋಗಬೇಡಿ, ಬ್ಲೋವರ್ ಬೇರಿಂಗ್ ಹೋಗುತ್ತದೆ.

ಮಿಯಾಟಾ ಮಂಜು

ಎರಡು ಮಿಲಿಮೀಟರ್ ಹೊರಗಿತ್ತು. ವಾಷರ್ರೇ. ಭಾವ ಹಾಕಿದ್ದು ಅಂತ ನಾನು, ನಾನು ಹಾಕಿದ್ದು ಅಂತ ಭಾವ. ಗುಬ್ಬಿ ಹಾರಿಹೋಯಿತು.

ಟರ್ಬೊ ತಿಮ್ಮ

ಎಲ್ಲ ಸರಿ, ಈಗಲಾದರೂ ಟರ್ಬೊ ಬಗ್ಗೆ ಮಾತಾಡೋಣ್ವಾ?

ಗ್ಯಾರೇಜ್ ಗಂಗಣ್ಣ

ಮಂಜು, ಆ ಹಳೆ ಬಿಲ್ಲೆ ಬಿಸಾಡಬೇಡಿ. 4ನೇ ಪ್ಲಗ್ಗೂ ಅಷ್ಟೆ. ಮುಂದಿನ ಸಲ ಹಾಸನಕ್ಕೆ ಹೋಗುವಾಗ ತುಮಕೂರಿನಲ್ಲಿ ಇಳಿದು ಕೊಟ್ಟು ಹೋಗಿ. ನಮ್ಮ ಗ್ಯಾರೇಜಿನ ಹುಡುಗರಿಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಬೇಕು. ಬಿಲ್ಲೆಯನ್ನು ಮಾತ್ರ ಚೆನ್ನಾಗಿ ತೊಳೆದು ತನ್ನಿ.